ಖಾದರಸಾಬರ ಮುಂದಿನ ಹಲ್ಲು

೧೯೩೮ರಲ್ಲಿ ನಾನು ಮುಂಬಯಿಯಲ್ಲಿ ದಂತವೈದ್ಯಕೀಯ ಓದಿ ಮುಗಿಸಿ, ಶಿಗ್ಗಾಂವದ ಪೇಟೆಯಲ್ಲಿ ಒಂದು ಕೋಣೆ ಹಿಡಿದು ದವಾಖಾನೆ ತೆರೆದೆ. ವಾರದಲ್ಲಿ ಮೂರು ದಿನ ಅಲ್ಲಿ, ಉಳಿದ ದಿನ ಸಂತೆ ನೋಡಿಕೊಂಡು ಸವಣೂರು, ಹಾನಗಲ್ಲು, ಹಿರೇಕೆರೂರು ಅಂತ ತಿರುಗಾಟ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, ಹೊಸ ದಂತವೈದ್ಯನಲ್ಲಿ ಏನೇನು ಗುಣ ಇರಬೇಕು ಎಂದು ಕೇಳಿದ್ದರು. ನಡುಗದ ಕೈ, ಚುರುಕು ಕಣ್ಣು, ಕುದಿಸಿ ಶುದ್ಧ ಮಾಡಿದ ಉಪಕರಣ, ರೋಗಿಯ ಮೇಲೆ ಕನಿಕರ ಎಂದು ಪಟಪಟನೆ ಹೇಳಿ ಭೇಷ್ ಅನ್ನಿಸಿಕೊಂಡಿದ್ದೆ. ಆ ಉತ್ತರದಲ್ಲಿ ಒಂದು ಗುಣ ಬಿಟ್ಟುಹೋಗಿತ್ತು. ಅದನ್ನು ನನಗೆ ಕಲಿಸಿದವರು ನನ್ನ ದವಾಖಾನೆಯಿಂದ ನಾಲ್ಕು ಅಂಗಡಿ ಆಚೆ ಕೂಡುತ್ತಿದ್ದ ಖಾದರಸಾಬರು.

ಖಾದರಸಾಬರು ಹುಲಗೂರಿನವರು, ಪಟವೇಗಾರರು. ಅಂದರೆ ಚಿನ್ನದ ಗುಂಡು, ಮಣಿ, ಪದಕಗಳನ್ನು ದಾರದಲ್ಲಿ ಪೋಣಿಸಿ ಗಂಟು ಹಾಕಿಕೊಡುವ ಕಸಬಿನವರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯೇ ಆಗಲಿ, ತಾಳಿಯ ಸರ ಅವರ ಕೈಯಿಂದಲೇ ಬರಬೇಕು. ಅವರ ಗಂಟು ಬಿಚ್ಚಿದ್ದನ್ನು ಕಂಡವರಿಲ್ಲ ಎಂಬ ಮಾತಿತ್ತು. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ, ಮೊದಲೇ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಸೋಮವಾರ ಅವರು ದವಡೆ ಹಲ್ಲು ನೋವೆಂದು ಬಂದರು. ಹಲ್ಲು ಪೂರಾ ಹುಳುಕಾಗಿತ್ತು, ಕಿತ್ತೆ. ರಕ್ತ ನಿಲ್ಲಲು ಹತ್ತಿ ಒತ್ತುವಾಗ ಅವರ ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಕಂಡಿತು. ನನಗೆ ಹಬ್ಬವಾಯಿತು. ಯಾಕೆಂದರೆ ನನ್ನ ಹತ್ತಿರ ಬರುವವರೆಲ್ಲ ಹಲ್ಲು ಕೀಳಿಸಿಕೊಂಡು ಹೋಗುವವರೇ. ಹಲ್ಲಿನ ಬಣ್ಣದ್ದೇ ಸಿಲಿಕೇಟ್ ಸಿಮೆಂಟ್ ತುಂಬಿ ಹಲ್ಲನ್ನು ಹೊಸದರಂತೆ ಮಾಡುವ ನನ್ನ ವಿದ್ಯೆ ಪೆಟ್ಟಿಗೆಯಲ್ಲೇ ಕೊಳೆಯುತ್ತಿತ್ತು.

"ಖಾದರಸಾಬರ, ಮುಂದಿನ ಹಲ್ಲು ಮುಕ್ಕಾಗೇತ್ರಿ. ಅದನ್ನೂ ಸರಿ ಮಾಡಿಬಿಡ್ತೇನಿ" ಎಂದೆ.

ಅವರ ಬಾಯಿ ತುಂಬ ಹತ್ತಿ. ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದರು. "ಹೆದರಬ್ಯಾಡ್ರಿ, ನೋವಾಗಂಗಿಲ್ಲ" ಎಂದು ನಾನೇ ಧೈರ್ಯ ಹೇಳಿ, ಕಾಲಿನಿಂದ ತುಳಿಯುವ ಡ್ರಿಲ್ಲಿಗೆ ಪಾದ ಇಟ್ಟೆ. ಸಿಮೆಂಟು ಹಿಡಿದು ನಿಲ್ಲಲೆಂದು ಕಚ್ಚನ್ನು ಅಗಲ ಮಾಡಿ, ತುಂಬಿ, ನುಣುಪು ಮಾಡಿದೆ. ಕನ್ನಡಿ ಹಿಡಿದು ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು. ಡಾಕ್ಟರು ಮಾಡಿದ್ದನ್ನು ಎದುರಾಡುವ ಸ್ವಭಾವ ಅವರದಲ್ಲ. ಅವರು ಮೆಚ್ಚಿಕೊಂಡರೆಂದೇ ನಾನು ತಿಳಿದೆ.

ಮುಂದಿನ ಸೋಮವಾರ ದವಾಖಾನೆಯ ಬಾಗಿಲು ತೆರೆಯುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದರು. ಮುಖ ಬಾಡಿತ್ತು.

"ಡಾಕ್ಟರ ಸಾಹೇಬ್ರ, ನನ್ನ ಹಲ್ಲು ನನಗ ವಾಪಸ್ ಕೊಡ್ರಿ" ಎಂದರು.

ಕಿತ್ತ ದವಡೆ ಹಲ್ಲನ್ನು ಕೇಳುತ್ತಿದ್ದಾರೆ ಅಂದುಕೊಂಡೆ. ಅವರು ಬೆರಳಿಟ್ಟು ತೋರಿಸಿದ್ದು ಮುಂದಿನ ಹಲ್ಲನ್ನು. ಆದದ್ದು ಇಷ್ಟು. ದುಂಡಸಿಯ ನೀಲವ್ವ ಎಂಬವರ ಮಗಳಿಗೆ ಗುರುವಾರ ಮದುವೆ. ಖಾದರಸಾಬರು ಪೋಣಿಸಿ ಕೊಟ್ಟ ತಾಳಿಯ ಸರ, ಮನೆಯವರು ಕೈಯಲ್ಲಿ ಹಿಡಿದು ನೋಡುವಾಗಲೇ ಬಿಚ್ಚಿ ಗುಂಡುಗಳು ಪಡಸಾಲೆ ತುಂಬ ಉರುಳಿದ್ದವು. ಲಗ್ನಕ್ಕೆ ಮುಂಚೆಯೇ ತಾಳಿ ಬಿಚ್ಚಿದ್ದು ಅಪಶಕುನವೆಂದು ಮನೆಯಲ್ಲಿ ಅಳು ಶುರುವಾಗಿತ್ತು.

"ನೀಲವ್ವ ಬುಧವಾರದ ತನಕ ತಡೀತೇನಿ ಅಂದಾಳ್ರಿ. ಆಗಲಿಲ್ಲಂದ್ರ ಹಾನಗಲ್ಲಿಗೆ ಒಯ್ತಾಳ. ಒಂದು ಮನಿ ಹ್ವಾದ್ರ ಹೋಗ್ಲಿ. ಖಾದರನ ಗಂಟು ಬಿಚ್ಚತೈತಿ ಅನ್ನೂ ಮಾತು ಊರೂರಿಗೆ ಹ್ವಾದ್ರ ನಾ ಮುಂದ ಏನ್ ಮಾಡ್ಲಿ?"

"ಹಲ್ಲಿಗೂ ಗಂಟಿಗೂ ಏನ್ ಸಂಬಂಧರಿ?" ಎಂದೆ. ಇವತ್ತಿಗೂ ಆ ಪ್ರಶ್ನೆ ನೆನೆದರೆ ನಾಚಿಕೆಯಾಗುತ್ತದೆ.

ಅವರು ನನ್ನನ್ನು ತಮ್ಮ ಅಂಗಡಿಗೆ ಕರೆದೊಯ್ದು ಕೂಡಿಸಿದರು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಮುಂದಿನ ಹಲ್ಲಲ್ಲಿ ಹಿಡಿದು ಬಿಗಿಯಾಗಿ ಎಳೆದರು. ಎರಡೂ ಕೈಗೆ ಗುಂಡು ಏರಿಸಲು, ಗಂಟು ಹಾಕಲು ಬಿಡುವು. ಮೂವತ್ತು ವರ್ಷ ದಾರ ಓಡಾಡಿ ಓಡಾಡಿ ಆ ಹಲ್ಲಿನಲ್ಲಿ ಜಾಗ ಮಾಡಿಕೊಂಡಿತ್ತು. ನಾನು ಮುಕ್ಕು ಎಂದದ್ದು ಅವರ ಮೂರನೆಯ ಕೈ. ಈಗ ನನ್ನ ನುಣುಪು ಸಿಮೆಂಟಿನ ಮೇಲೆ ದಾರ ನಿಲ್ಲದೆ ಪಕ್ಕಕ್ಕೆ ಜಾರುತ್ತಿತ್ತು. ಬಿಗಿ ತಪ್ಪಿತೆಂದರೆ ಗಂಟು ಸಡಿಲ. ನನ್ನ ಕಣ್ಣೆದುರಿಗೇ ನಾಲ್ಕು ಸಲ ಜಾರಿತು.

ಸಿಮೆಂಟು ತೆಗೆದುಬಿಟ್ಟರೆ ಮುಗಿಯಿತಲ್ಲ ಎನ್ನುವಂತಿರಲಿಲ್ಲ. ಕಚ್ಚನ್ನು ನಾನು ಅಗಲ ಮಾಡಿಟ್ಟಿದ್ದೆ. ಸಿಮೆಂಟು ತೆಗೆದರೆ ದಾರ ಅದರಲ್ಲಿ ಅತ್ತಿತ್ತ ಹೊರಳುತ್ತಿತ್ತು. ಸಿಮೆಂಟಿನಲ್ಲೇ ಗೀರು ಕೊರೆದರೆ, ಅದು ಮೆತ್ತಗಿನದು, ದಾರ ತಿಂದುಹಾಕುತ್ತಿತ್ತು. ಉಳಿದದ್ದು ಅಮಾಲ್ಗಮ್, ಅಂದರೆ ಬೆಳ್ಳಿ ಮತ್ತು ಪಾದರಸ ಕಲಸಿ ಮಾಡುವ ಗಟ್ಟಿ ಮಿಶ್ರಣ. ಮುಂದಿನ ಹಲ್ಲಿಗೆ ಅದನ್ನು ಹಾಕಬಾರದು, ಕಪ್ಪಾಗಿ ಕಾಣುತ್ತದೆ ಎಂದು ನಮಗೆ ಪಾಠವಾಗಿತ್ತು.

"ಹಲ್ಲು ಕರ್ರಗಾಗತೈತ್ರಿ" ಎಂದೆ.

"ನಾ ಏನ್ ಮದುಮಗ ಏನ್ರಿ? ದಾರ ನಿಂತ್ರ ಸಾಕು."

ಅಂದೇ ಸಿಮೆಂಟು ತೆಗೆದು ಅಮಾಲ್ಗಮ್ ತುಂಬಿದೆ. ಅದು ಗಟ್ಟಿಯಾಗಲು ಒಂದು ದಿನ ಬೇಕು. ಮಂಗಳವಾರ ಅವರು ದಾರದ ಸಮೇತ ಕುರ್ಚಿಯಲ್ಲಿ ಕೂತರು. ನಾನು ಒಂದಿಷ್ಟು ಕೊರೆಯುವುದು, ಅವರು ದಾರ ಕಚ್ಚಿ ಎಳೆಯುವುದು. "ಇನ್ನೊಂದು ಎಳಿಯಷ್ಟು ಒಳಗ ಬರ್ಲಿ… ಎಡಕ್ಕ… ಅಷ್ಟಽ." ಹಲ್ಲಿಗೆ ಬೇಕೆಂದೇ ಕಚ್ಚು ಹಾಕುವುದನ್ನು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ಆದರೂ ಅಂಚುಗಳು ಇನ್ನೂ ಒರಟಾಗಿದ್ದವು, ದಾರದ ನಾರು ಏಳುತ್ತಿತ್ತು. ನನ್ನ ಕೈ ಅಷ್ಟು ಸಣ್ಣ ಕೆಲಸಕ್ಕೆ ಹೋಗದು ಎಂದು ಒಪ್ಪಿಕೊಂಡೆ. ಅವರು ನಾನು ಹಲ್ಲು ಉಜ್ಜಿ ನುಣುಪು ಮಾಡಲು ಇಟ್ಟಿದ್ದ ಪ್ಯೂಮಿಸ್ ಕಲ್ಲಿನ ಪುಡಿಯ ಕಡೆ ಕೈ ಮಾಡಿದರು.

"ಆ ಪುಡಿ ಇಲ್ಲಿ ಕೊಡ್ರಿ. ಉಳಿದದ್ದು ನನ್ನ ದಾರಾನ ಮಾಡತೈತಿ."

ಒದ್ದೆ ದಾರಕ್ಕೆ ಪುಡಿ ಸವರಿ, ಕನ್ನಡಿ ಇಲ್ಲದೆ, ಕಣ್ಣು ಮುಚ್ಚಿಕೊಂಡು ಅರ್ಧ ತಾಸು ಎಳೆದರು. ನಾನು ವಿದ್ಯಾರ್ಥಿಯ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಕೊನೆಗೆ ದಾರ ಕಚ್ಚಿ ಎಳೆದಾಗ ಅದು ಅಲುಗಲಿಲ್ಲ.

ಬುಧವಾರ ನೀಲವ್ವ ಅಂಗಡಿಗೆ ಬಂದಾಗ ನಾನೂ ಹೋಗಿ ನಿಂತೆ. ತಪ್ಪು ನನ್ನದು, ಖಾದರಸಾಬರದಲ್ಲ ಎಂದು ಆಕೆಗೆ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಪೋಣಿಸಿದ ಸರವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. ಆಮೇಲೆ ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

ಅಂದಿನಿಂದ ನನ್ನ ಕುರ್ಚಿಯಲ್ಲಿ ಕೂತವರಿಗೆ ಬಾಯಿ ತೆರೆಯಿರಿ ಎನ್ನುವ ಮೊದಲು ಏನು ಕೆಲಸ ಮಾಡುತ್ತೀರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಬಾಯಲ್ಲಿ ಹತ್ತಿ ಇಟ್ಟ ಮೇಲೆ ಯಾವ ನಿರ್ಧಾರವನ್ನೂ ಮಾಡಲಿಲ್ಲ. ಹೊಸದಾಗಿ ಓದಿ ಬಂದ ಹುಡುಗರು ಒಳ್ಳೆಯ ದಂತವೈದ್ಯನಿಗೆ ಏನು ಬೇಕು ಎಂದು ಕೇಳಿದರೆ, ಕೈ ಕಣ್ಣುಗಳ ಮಾತು ಆಮೇಲೆ, ಮೊದಲು ಕೇಳುವುದನ್ನು ಕಲಿಯಿರಿ ಎನ್ನುತ್ತೇನೆ.

ಎರಡು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಅವ್ವ ತಾಳಿಯ ಗುಂಡುಗಳನ್ನು ಖಾದರಸಾಬರಿಗೇ ಕೊಟ್ಟಳು. ಸರ ತರಲು ನಾನೇ ಹೋದೆ. ಅವರು ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಬಿಡಿಸಿ, ನನ್ನ ಅಂಗೈಯಲ್ಲಿಟ್ಟರು.

"ಜಗ್ಗಿ ನೋಡ್ರಿ" ಎಂದರು.

"ಬ್ಯಾಡ್ರಿ" ಎಂದೆ.

"ನೋಡ್ರಿ ಡಾಕ್ಟ್ರ" ಎಂದು ಆ ಕಪ್ಪು ಹಲ್ಲು ಕಾಣುವಂತೆ ನಕ್ಕರು. "ಇದರಾಗ ನಿಮ್ಮ ಕೈಕೆಲಸಾನೂ ಐತಿ."