ಅವಳಿ ಮಾನಿಟರಿಗೆ ಅರಿಶಿನದ ಕೊಂಬು

ಚನ್ನರಾಯಪಟ್ಟಣದಲ್ಲಿ ಮದುವೆ ಆಲ್ಬಂ ಮಾಡಿಕೊಡುತ್ತಿದ್ದ ವಸಂತ 2006ರಲ್ಲಿ ಹಾಸನಕ್ಕೆ ಹೋಗಿ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಮಾನಿಟರ್ ತಂದ. ಒಂದು ತನಗೆ, ಇನ್ನೊಂದು ಗಿರಾಕಿಗಳು ಕೂತು ನೋಡಲಿಕ್ಕೆ. ಎರಡನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸಿದ. ಚಿತ್ರವೇನೋ ಎರಡರಲ್ಲೂ ಬಂತು. ಬಣ್ಣ ಮಾತ್ರ ಒಂದೊಂದರಲ್ಲಿ ಒಂದೊಂದು.

ಮಗಳ ಆಲ್ಬಂ ನೋಡಲು ಗಂಡ ತಿಮ್ಮಪ್ಪನ ಜೊತೆ ಬಂದ ನಂಜಮ್ಮ ಸಿಡುಕಿದರು. "ಇದ್ರಲ್ಲಿ ನನ್ ಮಗ್ಳು ಬಂಗಾರ್ದಂಗವ್ಳೆ, ಅದ್ರಲ್ಲಿ ಕಾಮಾಲೆ ಬಂದಂಗವ್ಳೆ. ಯಾವ್ದಪ್ಪಾ ನಿಜ?"

ವಸಂತ ಗುಂಡಿ ಒತ್ತಿ ಒತ್ತಿ ಬೆವೆತ. ಯಾವುದಕ್ಕೆ ಯಾವುದನ್ನು ಹೊಂದಿಸುವುದು? ನಂಜಮ್ಮ ಸಂತೆಯ ಚೀಲದಿಂದ ಅರಿಶಿನದ ಕೊಂಬೊಂದನ್ನು ತೆಗೆದು, ಚಿತ್ರದಲ್ಲಿ ಮಗಳ ಕಂಕಣಕ್ಕೆ ಕಟ್ಟಿದ್ದ ಕೊಂಬಿನ ಪಕ್ಕ ಹಿಡಿದರು. "ಅರಿಶ್ನ ಎಲ್ಲೋದ್ರೂ ಅರಿಶ್ನಾನೇ ಕಣಪ್ಪ. ಎರಡ್ರಲ್ಲೂ ಇದ್ರಂಗೆ ಕಾಣೋಗಂಟ ಒತ್ತು."

ಎರಡೂ ಒಂದೇ ಬಣ್ಣಕ್ಕೆ ಬಂದವು. ಖುಷಿಯಾದ ವಸಂತ ಆ ಕೊಂಬನ್ನು ಕೇಳಿ ಇಸಿದುಕೊಂಡು, ದಾರ ಕಟ್ಟಿ ಎರಡರ ನಡುವೆ ತೂಗುಹಾಕಿದ.

ಆಲ್ಬಂ ಒಯ್ಯಲು ಗಂಡಹೆಂಡತಿ ಮತ್ತೆ ಬಂದಾಗ ತಿಮ್ಮಪ್ಪ ಅದನ್ನು ನೋಡಿ ನಕ್ಕರು. "ಇವಕ್ಕೂ ಮದ್ವೆ ಮಾಡ್ಬುಟ್ಟಾ?"

"ಊಂ ಗೌಡ್ರೆ. ಅರ್ಧ ಗಂಟೇಲಿ ಹೊಂದ್ಕೊಂಡ್ವು."

ತಿಮ್ಮಪ್ಪ ಹೆಂಡತಿಯ ಕಡೆ ತಿರುಗಿದರು. "ನಮ್ಗೆ ಮೂವತ್ ವರ್ಸ ಸಾಲ್ಲಿಲ್ವಲ್ಲೇ!"