ಇರುವೆ ಬಂದ ತೂತು

ಮೊನ್ನೆ ಮಧ್ಯಾಹ್ನ ಹೊಸ ಮೆಕ್ಯಾನಿಕ್ ಒಬ್ಬ ಬಂದು ನಮ್ಮ ಕೋಣೆಯ ಎಸಿ ಬಿಚ್ಚಿದ. ಕೆಳಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಪಂಪಿನಿಂದ ನೀರು ಹಾಯಿಸಿದ. ಕರೀ ನೀರು ಇಳಿಯಿತು. ಅದರ ಜೊತೆಗೆ ಒಂದು ವಾಸನೆಯೂ ಎದ್ದಿತು. ನೆನೆದ ಹಳೇ ಧೂಳಿನ ವಾಸನೆ, ಅದರೊಳಗೆ ಒಣಗಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಆ ಕೋಣೆಯಲ್ಲಿ ರೇಷ್ಮೆ ಹುಳ ಸಾಕುವುದನ್ನು ನಾವು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಅಲ್ಲಿ ನಾನೂ ನನ್ನ ಹೆಂಡತಿಯೂ ಮಲಗುತ್ತೇವೆ. ಫಿಲ್ಟರನ್ನು ನಾನೇ ತೊಳೆಯುತ್ತಿದ್ದೆ, ಒಳಗಡೆ ಮಾತ್ರ ಇಷ್ಟು ವರ್ಷ ಯಾರಿಂದಲೂ ಬಿಚ್ಚಿಸಿರಲಿಲ್ಲ. ಯಾಕೆ ಬಿಚ್ಚಿಸಲಿಲ್ಲ ಎಂದು ಕೇಳಿದರೆ... ಇರಲಿ. ಹಾಗೇ ಮಂಚದ ಮೇಲೆ ಕೂತುಬಿಟ್ಟೆ. "ಬಿಸ್ಲಿಗೆ ಹಂಗಾಯ್ತದೆ, ಒಸಿ ಮಜ್ಜಿಗೆ ಕುಡೀರಿ" ಎಂದಳು ಹೆಂಡತಿ. ಬಿಸಿಲಿಗಲ್ಲ ಎಂದು ಹೇಳುವುದಕ್ಕೂ ನನಗೆ ಆಯಾಸವಾಗಿತ್ತು.

ಆ ಎಸಿಯನ್ನು ಗೋಡೆಗೆ ಹಾಕಿದವರು ರಾಮನಗರದ ಒಬ್ಬ ಮೆಕ್ಯಾನಿಕ್. ನಾವೆಲ್ಲ ಅವರನ್ನು ಎಸಿ ಭಾಯಿ ಎನ್ನುತ್ತಿದ್ದೆವು. ನನಗಿಂತ ಐದಾರು ವರ್ಷ ಚಿಕ್ಕವರು. ಕುಳ್ಳನೆಯ ಆಳು, ಮೂಗಿನ ತುದಿಯಲ್ಲೇ ಕೋಪ. ಪೈಪಿನೊಳಗಿನ ಗಾಳಿ ತೆಗೆಯುವ ವ್ಯಾಕ್ಯೂಮ್ ಪಂಪನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು, ಬಾಣಂತಿಯನ್ನು ಕೂರಿಸಿಕೊಂಡು ಬರುವವರಂತೆ ಮೆಲ್ಲಗೆ ಬರುತ್ತಿದ್ದರು. ರಾಮನಗರದಿಂದ ಕಬ್ಬಾಳಿನ ಕಡೆ ಇರುವ ನಮ್ಮೂರಿಗೆ ಬರುವಷ್ಟರಲ್ಲಿ ಅವರ ಹುಬ್ಬೆಲ್ಲ ಧೂಳಾಗಿರುತ್ತಿತ್ತು.

ಅವರ ತಂದೆ ನೂಲು ಬಿಚ್ಚಾಣಿಕೆಯವರು. ಕುದಿಯುವ ನೀರಿನಲ್ಲಿ ಬಿದ್ದ ಗೂಡುಗಳಿಂದ ರೇಷ್ಮೆಯ ಎಳೆ ಹುಡುಕಿ ತೆಗೆಯುವ ಕೆಲಸ, ಬರಿಗೈಯಲ್ಲಿ, ದಿನವಿಡೀ. "ನಮ್ ಅಬ್ಬಾಗೆ ಅನ್ನ ಕಲ್ಸಕ್ಕೆ ಆಯ್ತಿರ್ಲಿಲ್ಲ ಗೌಡ್ರೇ. ಬೆರಳು ಹಂಗೆ ಬೆಂದೋಗಿದ್ವು. ಅದಕ್ಕೇ ನಾನು ಬಿಸಿ ಬುಟ್ಟು ತಂಪು ಹಿಡ್ಕಂಡೆ. ಸಾಯೋಗಂಟ ಆ ನೀರಿಗೆ ಕೈ ಹಾಕಕ್ಕಿಲ್ಲ" ಎನ್ನುತ್ತಿದ್ದರು. ಅದನ್ನು ಹೇಳುವಾಗ ತಮ್ಮ ಎರಡೂ ಅಂಗೈಯನ್ನು ಮುಂದಕ್ಕೆ ಚಾಚಿ ತೋರಿಸುತ್ತಿದ್ದರು. ಒಳ್ಳೆಯ ಕೈಗಳು. ಅಂಗಡಿ ಇರಲಿಲ್ಲ, ಬೋರ್ಡಿರಲಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿದರಷ್ಟೇ ಕೆಲಸ. "ಒಂದ್ ಕಡೆ ಹೆಸ್ರು ಕೆಟ್ರೆ ಹತ್ತು ಮನೆ ಬಾಗ್ಲು ಹಾಕ್ಕಂತವೆ" ಎಂದು ಅವರೇ ಹೇಳಿದ್ದರು. ಆ ಮಾತು ನನಗೆ ಆಗಲೇ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ.

ನಾನು ಆಗ ಚಾಕಿ ಮಾಡುತ್ತಿದ್ದೆ. ಅಂದರೆ ಮೊಟ್ಟೆ ತಂದು, ಮರಿ ಮಾಡಿ, ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವುದು. ಹುಳ ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಸುತ್ತಮುತ್ತಲ ಹತ್ತಾರು ಮನೆಯವರು ನನ್ನ ಚಾಕಿಯನ್ನೇ ನಂಬಿ ಸೊಪ್ಪು ಬೆಳೆಯುತ್ತಿದ್ದರು. ಎಳೇ ಹುಳಕ್ಕೆ ಬಿಸಿಲ ಝಳ ಆಗದು. ಒಂದು ಬೇಸಿಗೆಯಲ್ಲಿ ಎರಡು ಸಲ ಹುಳ ಕೆಟ್ಟ ಮೇಲೆ, ಮನೆಗೆ ಹಾಕುವ ಎಸಿಯನ್ನೇ ತಂದು ಹುಳದ ಕೋಣೆಗೆ ಹಾಕಿಸಲು ಹೊರಟೆ. ಊರವರು ಹಲ್ಲು ಕಿರಿದರು. "ನಮ್ಗೇ ಫ್ಯಾನಿಲ್ಲ, ಗೌಡ್ರ ಹುಳಕ್ಕೆ ಎಸಿ ಅಂತೆ ಕಣ್ಲಾ" ಎಂದು ಅರಳಿಕಟ್ಟೆಯಲ್ಲಿ ಮಾತಾಡಿಕೊಂಡಿದ್ದು ನನ್ನ ಕಿವಿಗೂ ಬಿತ್ತು.

ಎಸಿ ಭಾಯಿ ಮೊದಲ ದಿನ ಬಂದಾಗ ಜಗಳವೇ ಆಯಿತು. ಅವರ ಕಿವಿಯಲ್ಲಿ ಅತ್ತರಿನ ಹತ್ತಿ ಇತ್ತು. ಘಾಟಿಗೆ ಎಳೇ ಹುಳ ಉಳಿಯುವುದಿಲ್ಲ, ಹುಳದ ಮನೆಗೆ ಅಗರಬತ್ತಿ, ಬೀಡಿ, ಪೌಡರು, ಯಾವುದೂ ಹೋಗುವಂತಿಲ್ಲ. ನಾನು ಹೊಸಿಲಲ್ಲೇ ಕೈ ಅಡ್ಡ ಹಿಡಿದೆ. "ಗೂಡು ಬಿಚ್ಚೋರ ಮಗ ನಾನು, ನಂಗೇ ಹುಳದ ವಿಚಾರ ಹೇಳ್ತೀರಾ?" ಎಂದು ಮುಖ ಕೆಂಪಗೆ ಮಾಡಿಕೊಂಡರು. ಆಮೇಲೆ ಕೈ ತಾನಾಗಿ ಕಿವಿಗೆ ಹೋಯಿತು. ನಾಲಿಗೆ ಕಚ್ಚಿಕೊಂಡು, ಹತ್ತಿ ತೆಗೆದು ರಸ್ತೆಯಾಚೆ ಎಸೆದು, ತೊಟ್ಟಿಯ ಹತ್ತಿರ ಹೋಗಿ ಬರೀ ಸೀಗೆಪುಡಿಯಲ್ಲಿ ತಲೆಯಿಂದ ಕಾಲವರೆಗೆ ತೊಳೆದುಕೊಂಡು ಬಂದರು. ನನ್ನ ಹಳೇ ಪಂಚೆ ಉಟ್ಟುಕೊಂಡೇ ಅವತ್ತು ಕೆಲಸ ಮಾಡಿದ್ದು. ಆ ಮೇಲೆ ನಮ್ಮ ಮನೆಗೆ ಬರುವ ದಿನ ಅವರು ಯಾವತ್ತೂ ಅತ್ತರು ಹಾಕಿಕೊಳ್ಳಲಿಲ್ಲ.

ಜೊತೆಗೆ ಆಳಿರಲಿಲ್ಲ, ಹಾಗಾಗಿ ನಾನೇ ಆಳು. ಗೋಡೆ ಕೊರೆಯುವಾಗ ತೂತು ಹೊರಗಡೆಗೆ ಒಂದು ಚೂರು ಇಳಿಜಾರಾಗಬೇಕೆಂದು ಮೂರು ಸಲ ಅಳತೆ ನೋಡಿದರು, ಇಲ್ಲದಿದ್ದರೆ ನೀರು ಕೋಣೆಯೊಳಗೇ ಸೋರುತ್ತದಂತೆ. ತಾಮ್ರದ ಪೈಪಿನ ತುದಿ ಅರಳಿಸಿದ್ದು ಮನಸ್ಸಿಗೆ ಬರಲಿಲ್ಲವೆಂದು ಕತ್ತರಿಸಿ ಮತ್ತೆ ಅರಳಿಸಿದರು. ವ್ಯಾಕ್ಯೂಮ್ ಪಂಪು ಹಾಕಿ ಸುಮ್ಮನೆ ಕೂತರು, ಮುಕ್ಕಾಲು ಗಂಟೆ! "ಗಾಳಿ ತೆಗಿಯಕ್ಕೆ ಇಷ್ಟೊತ್ತಾ ಭಾಯಿ?" ಎಂದೆ. "ಪೈಪಲ್ಲಿ ಒಸಿ ತೇವ ಉಳಿದ್ರೂ ಮಿಷನ್‌ಗೆ ರೋಗ. ಬೇಕಾದ್ರೆ ನೀವೇ ನೋಡಿ" ಎಂದು ಗೇಜಿನ ಮುಳ್ಳು ಓದುವುದನ್ನು ಹೇಳಿಕೊಟ್ಟರು. ಗ್ಯಾಸು ಎಷ್ಟಿದೆ, ಸೋರಿದರೆ ಮುಳ್ಳು ಎಲ್ಲಿಗೆ ಇಳಿಯುತ್ತದೆ, ಎಲ್ಲ ಕಲಿತೆ. ಕೊನೆಗೆ ತಣ್ಣನೆಯ ಗಾಳಿ ನೇರ ಹುಳದ ಮೇಲೆ ಬೀಳದಂತೆ ಎಸಿ ಬಾಯಿಯ ರೆಕ್ಕೆ ಮೇಲಕ್ಕೆ ಮಾಡಿ, ಎಸಿ ತೇವ ಎಳೆಯುತ್ತದೆಂದು ಗೋಡೆಯ ಉದ್ದಕ್ಕೂ ಒದ್ದೆ ಗೋಣಿತಾಟು ಇಳಿಬಿಡಲು ಹೇಳಿದರು. ಆ ಬೇಸಿಗೆ ನನ್ನ ಚಾಕಿ ಒಂದೂ ಕೆಡಲಿಲ್ಲ. ನಕ್ಕವರೇ ಅವರ ನಂಬರು ಕೇಳಿಕೊಂಡು ಬಂದರು. ಕನಕಪುರದವರೆಗೂ ಚಾಕಿ ಮನೆಗಳಿಗೆಲ್ಲ ಅವರೇ ಎಸಿ ಹಾಕಿದರು. ಮೊಪೆಡ್ಡಿಗೆ ಹೊಸ ಸೀಟು ಬಂತು.

ಎರಡನೇ ವರ್ಷದ ಬೇಸಿಗೆ, ಒಂದು ಶುಕ್ರವಾರ, ಇರುವೆ ಬಂದವು. ಇರುವೆ ಹತ್ತದಿರಲೆಂದು ಹುಳದ ಸ್ಟ್ಯಾಂಡಿನ ಕಾಲುಗಳನ್ನು ನಾವು ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತೇವೆ. ಇವು ಕೆಳಗಿನಿಂದ ಬರಲಿಲ್ಲ. ಎಸಿ ಪೈಪಿನ ತೂತಿಗೆ ಮೆತ್ತಿದ್ದ ಗಾರೆಯನ್ನು ಇಲಿ ಕಡಿದಿತ್ತು. ಅಲ್ಲಿಂದ ಒಳಗೆ ಬಂದು, ಗೋಣಿತಾಟಿನ ಮೇಲೆ ಹಾದು, ಮೇಲಿನ ತಟ್ಟೆಗೆ ಇಳಿಯುತ್ತಿದ್ದವು. ಹುಳವಿನ್ನೂ ಒಂದನೇ ಜ್ವರ ಎದ್ದ ಕೂಸುಗಳು. ಭಾಯಿಗೆ ಫೋನ್ ಮಾಡಿದೆ. ಅವರು ಚನ್ನಪಟ್ಟಣದಲ್ಲಿ ನಾದಿನಿಯ ಮದುವೆಯಲ್ಲಿದ್ದರು. "ಬೆಳಿಗ್ಗೆ ಏಳಕ್ಕೆಲ್ಲಾ ಬತ್ತೀನಿ. ಅಲ್ಲೀಗಂಟ ಗೋಣಿತಾಟು ತೆಗೀರಿ, ತೂತಿಗೆ ಹಸಿ ಮಣ್ಣು ಮೆತ್ತಿ. ಬೇರೆ ಏನೂ ಹಾಕ್ಬೇಡಿ ಗೌಡ್ರೇ, ಏನೂ" ಎಂದರು.

ಮಣ್ಣು ಮೆತ್ತಬೇಕಾದರೆ ಮಣ್ಣು ತರಬೇಕು, ಜರಡಿ ಹಿಡಿಯಬೇಕು, ಏಣಿ ಹತ್ತಬೇಕು. ಅವತ್ತು ಬೆಳಗಿನಿಂದ ಸೊಪ್ಪು ಕೊಯ್ದು, ಹೆಚ್ಚಿ, ನನ್ನ ಸೊಂಟ ಬಿದ್ದುಹೋಗಿತ್ತು. ತೆಂಗಿನ ಸಸಿಗೆಂದು ತಂದ ಇರುವೆ ಪುಡಿಯ ಡಬ್ಬ ದನದ ಕೊಟ್ಟಿಗೆಯಲ್ಲಿತ್ತು. ಹೊರಗಡೆಯ ಗೋಡೆ ತಾನೇ, ಒಳಗೆ ಹಾಕುತ್ತಿಲ್ಲವಲ್ಲ ಎಂದುಕೊಂಡೆ. ಒಂದು ಕೋಲಿಗೆ ಚಿಂದಿ ಸುತ್ತಿ, ನಿಂತಲ್ಲಿಂದಲೇ ಆ ತೂತಿನ ಬಾಯಿಗೆ ಪುಡಿ ಬಡಿದೆ. ಅತ್ತರಿನ ಹತ್ತಿಗೆ ಮನುಷ್ಯನನ್ನು ಹೊಸಿಲಲ್ಲಿ ತಡೆದ ಅದೇ ನಾನು! ನನ್ನ ಕೈಗೆ ಏನು ಬಂದಿತ್ತೋ ದರಿದ್ರ... ರಾತ್ರಿ ಗಾಳಿ ಎದ್ದಿತು. ತೂತಿನಿಂದ ಒಳಗೆ ಹೋದ ಪುಡಿಯನ್ನು ಎಸಿ ಕೋಣೆಗೆಲ್ಲ ಹಂಚಿತು.

ನಸುಕಿನಲ್ಲೇ ಬಾಗಿಲು ತೆಗೆದಾಗ ಹುಳ ತಲೆ ಎತ್ತಿ ಒದ್ದಾಡುತ್ತಿದ್ದವು, ಬಾಯಿಂದ ಹಸಿರು ರಸ ಕಾರುತ್ತಿದ್ದವು. ಕೆಲವು ಆಗಲೇ ಸುರುಟಿಕೊಂಡಿದ್ದವು. ಸುದ್ದಿ ಹಬ್ಬಿ ಚಾಕಿಗೆ ಹೇಳಿದ್ದ ರೈತರೆಲ್ಲ ಅಂಗಳದಲ್ಲಿ ಸೇರಿದರು. ಕೆಳಗಿನ ಬೀದಿಯ ನನ್ನ ದಾಯಾದಿ ತಮ್ಮನೊಬ್ಬ, ಎಲ್ಲಕ್ಕೂ ಮುಂದೆ ನಿಲ್ಲುವವನು, ಮೂಗು ಎಳೆದು, "ಎಸಿ ಗ್ಯಾಸ್ ಲೀಕಾಗೈತೆ ಕಣಣ್ಣ" ಎಂದ. ಎಲ್ಲರೂ ಹೌದು ಹೌದು ಎಂದರು. ಹುಳದ ಮನೆಗೆ ವಿಷ ಹಾಕಿದವನ ಚಾಕಿಯನ್ನು ಈ ಸೀಮೆಯಲ್ಲಿ ಯಾರೂ ಮುಟ್ಟುವುದಿಲ್ಲ. ನಾನು ಬಾಯಿ ಬಿಡಲಿಲ್ಲ.

ಹೇಳಿದಂತೆ ಏಳಕ್ಕೆ ಎಸಿ ಭಾಯಿ ಬಂದರು, ಕೈಯಲ್ಲಿ ತೂತು ಮುಚ್ಚುವ ಮೇಣದಂಥ ಗಾರೆಯ ಪೊಟ್ಟಣ. ಮದುವೆಯ ಮೆಹೆಂದಿ ಕಿರುಬೆರಳಲ್ಲಿ ಕೆಂಪಗಿತ್ತು. ಜನ ಮೇಲೆ ಬಿದ್ದರು. ಅವರು ಕೂಗಾಡಲಿಲ್ಲ. ಸೀದಾ ಗೇಜು ತಂದು ಹೊರಗಿನ ಯೂನಿಟ್ಟಿಗೆ ಹಾಕಿದರು. "ಗ್ಯಾಸ್ ಹಂಗೇ ಐತೆ, ನೋಡಿ. ಲೀಕಾಗಿದ್ರೆ ಮುಳ್ಳು ಇಳೀಬೇಕಿತ್ತು." ಅಲ್ಲಿದ್ದವರಲ್ಲಿ ಯಾರಿಗೆ ಮುಳ್ಳು ಓದಲು ಬರುತ್ತಿತ್ತು? ಅವರು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಗೌಡ್ರೇ."

ಮುಳ್ಳು ಇರಬೇಕಾದ ಕಡೆಯೇ ಇತ್ತು. ನಾನು ಅದನ್ನು ನೋಡಿದೆ. ನೋಡಿ, "ಮುಳ್ಳು ಏನಾರ ಹೇಳ್ಕಳ್ಳಿ ಭಾಯಿ. ಹುಳ ಹೇಳ್ತಾ ಅವಲ್ಲ, ಸಾಲ್ದಾ?" ಎಂದೆ.

ಅವರು ಗೇಜು ಬಿಚ್ಚಿ ಕೆಳಗಿಟ್ಟರು. ಆಮೇಲೆ ಏಣಿ ಹತ್ತಿ ತೂತು ನೋಡಿದರು. ಗೋಡೆಯ ಮೇಲೆ ಬೆರಳಾಡಿಸಿ, ಮೂಸಿ, ಕೆಳಗಿಳಿದು ಬಂದು ಬಿಳಿಯ ಪುಡಿ ಮೆತ್ತಿದ ಆ ಬೆರಳನ್ನು ನನಗೊಬ್ಬನಿಗೇ ಕಾಣುವಂತೆ ಹಿಡಿದರು. ಬೈಯಲಿಲ್ಲ. ಕಾಯುತ್ತಾ ನಿಂತರು. ನಾನು ಹೇಳುತ್ತೇನೆಂದು ಅವರು ನಿಜವಾಗಿಯೂ ನಂಬಿದ್ದರೆಂದು ಕಾಣುತ್ತದೆ... ನಾನು ಕಣ್ಣು ಕೆಳಗೆ ಹಾಕಿದೆ. ಅವರು ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದರು, ತಂದಿದ್ದ ಗಾರೆ ನಾದಿ ತೂತನ್ನು ಬಿಗಿಯಾಗಿ ಮುಚ್ಚಿದರು, ತೊಟ್ಟಿಯಲ್ಲಿ ಕೈ ತೊಳೆದು ಹೋದರು. ಬರುತ್ತೇನೆ ಎಂದು ಹೇಳಲಿಲ್ಲ. ಅವರೇ ಯಾಕೆ ಎಲ್ಲರ ಎದುರು ಹೇಳಿಬಿಡಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಹೇಳಿದ್ದರೆ ನಮ್ಮೂರಲ್ಲಿ ಯಾರು ನಂಬುತ್ತಿದ್ದರು? ಅದು ಅವರಿಗೂ ಗೊತ್ತಿತ್ತು.

ಆ ಹುಳ ಹೋದರೂ ನನ್ನ ಚಾಕಿ ಕಸುಬು ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಚಾಕಿ ಮನೆಗಳಿಗೆ ಬೇರೆ ಮೆಕ್ಯಾನಿಕ್ ಬಂದ. ಆಮೇಲೆ ಟೌನಿನ ಮನೆಗಳಿಗೂ "ಗ್ಯಾಸ್ ಬಿಟ್ಟವನು" ಎಂಬ ಮಾತು ಹೋಯಿತು. ಅವರು ವ್ಯಾಕ್ಯೂಮ್ ಪಂಪು ಮಾರಿದರಂತೆ ಎಂದು ಯಾರೋ ಅಂದರು. ಇನ್ನೊಂದು ವರ್ಷಕ್ಕೆ, ಬಿಚ್ಚಾಣಿಕೆಗೆ ಹೋಗುತ್ತಿದ್ದಾರಂತೆ ಎಂದರು. ಆ ದಿನ ನನ್ನ ತಟ್ಟೆಯ ಮುದ್ದೆಯನ್ನು ದನಕ್ಕೆ ಹಾಕಿದೆ.

ಒಂದು ಸಲ ಹೋದೆ. ಹೇಳಿಯೇ ಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋದೆ. ರಾಮನಗರದ ಒಂದು ಸಂದಿಯಲ್ಲಿ, ತಗಡಿನ ಶೆಡ್ಡು, ಒಳಗೆಲ್ಲ ಹಬೆ, ಬೆಂದ ಗೂಡಿನ ನಾತ. ನಾಲ್ಕೈದು ಜನ ಸಾಲಾಗಿ ಕೂತಿದ್ದರು. ಕೊನೆಯಲ್ಲಿ ಅವರು. ನೀರೊಳಗಿಂದ ಕೈ ತೆಗೆದು ಹೆಗಲ ಮೇಲಿನ ಟವಲಿಗೆ ಒರೆಸಿಕೊಂಡರು. ಬೆರಳುಗಳು ಬೆಳ್ಳಗೆ ಉಬ್ಬಿ, ಗೆಣ್ಣುಗಳಲ್ಲಿ ಬಿರಿದಿದ್ದವು.

"ಬನ್ನಿ ಗೌಡ್ರೇ" ಎಂದರು. ಟೀ ತರಿಸಿದರು. ಲೋಟವನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈ ನಡುವೆ ಹಿಡಿದು ಕುಡಿದರು. ಪಕ್ಕದವರು ಎದ್ದು ಹೋಗಲಿ ಎಂದು ನಾನು ಕಾದೆ. ಅವರು ಏಳಲಿಲ್ಲ, ನೀರು ಕುದಿಯುತ್ತಲೇ ಇತ್ತು.

"ಎಸಿ ಓಡ್ತಾ ಐತಾ?"

"ಓಡ್ತಾ ಐತೆ ಭಾಯಿ."

"ಫಿಲ್ಟರ್ ತೊಳೀತಾ ಇರಿ" ಎಂದು ಮತ್ತೆ ನೀರಿಗೆ ಕೈ ಹಾಕಿದರು. ಹಾಕುವಾಗ ಒಂದು ಸಲ ಹಲ್ಲು ಕಚ್ಚಿದರು. ನಾನು ಎದ್ದು ಬಂದೆ. ಥೂ, ನನ್ನ ಜನ್ಮಕ್ಕೆ. ಅದಾಗಿ ಕೆಲವು ವರ್ಷಕ್ಕೆ ಅವರು ತೀರಿಕೊಂಡರೆಂದು ಗೂಡಿನ ಮಾರ್ಕೆಟ್ಟಿನಲ್ಲಿ ಯಾರೋ ಮಾತಿನ ನಡುವೆ ಹೇಳಿದರು.

ಮೊನ್ನೆ ಬಂದ ಹೊಸ ಮೆಕ್ಯಾನಿಕ್ ಹೊರಗಿನ ಯೂನಿಟ್ಟಿಗೆ ಗೇಜು ಹಾಕಿ ನೋಡಿ, ಒಳಗೆ ಬಂದ. "ಯಾರ್ ಸಾರ್ ಇದನ್ನ ಫಿಟ್ ಮಾಡಿದ್ದು? ಒಂದ್ ಜಾಯಿಂಟಲ್ಲೂ ಎಣ್ಣೆ ಜಿನುಗಿಲ್ಲ. ಮೊದ್ಲು ಹಾಕಿದ್ ಗ್ಯಾಸೇ ಇನ್ನೂ ಐತೆ" ಎಂದ.

ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದ ನನ್ನ ದಾಯಾದಿ ತಮ್ಮ, ಅದೇ ಆವತ್ತಿನವನು, ಅಲ್ಲಿಂದಲೇ ಕೂಗಿದ. "ಗ್ಯಾಸ್ ಬುಟ್ಟು ಹುಳ ಸಾಯ್ಸಿದ್ನಲ್ಲ, ಆವಯ್ಯ ಅಲ್ವೇನಣ್ಣ?"

"ಅವ್ರಲ್ಲ ಕಣ್ಲಾ ಸಾಯ್ಸಿದ್ದು" ಎಂದೆ. "ಆ ತೂತಿಗೆ ಇರುವೆ ಪುಡಿ ಹಾಕಿದ್ದು ನಾನು."

ಅವನು ಎದ್ದು ಉಗಿಯುತ್ತಾನೆ, ಊರಿಗೆಲ್ಲ ಸಾರುತ್ತಾನೆ ಎಂದುಕೊಂಡೆ. ಅವನು ಲೋಟದ ತಳದ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡ.

"ಹೋಗ್ಲಿ ಬುಡಣ್ಣ, ಅದ್ಯಾವ್ ಕಾಲದ್ದೋ. ಈಗ ಯಾಕೆ ಆ ಮಾತು?" ಎಂದ.

ಅಷ್ಟೇ. ಅಷ್ಟರಲ್ಲಿ ಮುಗಿದುಹೋಯಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತೂ ಬಾಳಲಿಲ್ಲ. ಇದೇ ಮಾತನ್ನು ಅವತ್ತು ಅಂಗಳದಲ್ಲಿ ಹೇಳಿದ್ದರೆ ನನ್ನ ಚಾಕಿ ಹೋಗುತ್ತಿತ್ತು, ಆ ಮನುಷ್ಯನ ಕೈಗಳು ಉಳಿಯುತ್ತಿದ್ದವು.