ಅಜ್ಜಿಯ ಒಂದೇ ಒಂದು 'ಇಲ್ಲ'

ನಮ್ಮಜ್ಜಿಯ ಬಾಯಲ್ಲಿ 'ಇಲ್ಲ' ಎಂಬ ಮಾತಿಗೆ ಜಾಗವೇ ಇರಲಿಲ್ಲ. ಮನೆಯಲ್ಲಿ ಏನೇ ತೀರಿದರೂ 'ಹೆಚ್ಚೈತಿ' ಅನ್ನಬೇಕು. ಇಲ್ಲ ಅಂದರೆ ಲಕ್ಷ್ಮಿ ಮುನಿಸಿಕೊಂಡು ಹೋಗುತ್ತಾಳಂತೆ. ಅವಳು ಬಂದದ್ದನ್ನಾದರೂ ಯಾರು ಕಂಡಿದ್ದರು? ಒಮ್ಮೆ ಬಳಗಾನೂರಿನ ಅಂಗಡಿಗೆ ಹೊರಟ ನನಗೆ "ಬೆಲ್ಲ ಹೆಚ್ಚೈತಿ" ಅಂದಳು. ಹೆಚ್ಚಾಗಿದ್ದರೆ ತರುವುದೇಕೆ ಎಂದು ನಾನು ತರಲಿಲ್ಲ. ಬೈಸಿಕೊಂಡವಳೂ ನಾನೇ. ಅಪ್ಪನನ್ನು ಕೇಳಿಕೊಂಡು ಬಂದವರಿಗೆ 'ಇಲ್ರೀ' ಅಂದರಂತೂ ತೊಡೆಗೆ ಚಿವುಟು. "ಹೊಲಕ್ಕ ಹೋಗ್ಯಾನ, ಬರ್ತಾನ ಅನ್ನಲೇ!" ನನಗೆ ಸಾಕುಸಾಕಾಗಿತ್ತು.

ನಿಜಾಮನ ಸರಕಾರ ಲೆವಿ ಅಂತ ರೈತರ ಮನೆಯ ಜೋಳ ಎತ್ತುತ್ತಿದ್ದ ಕಾಲ. ನಮ್ಮ ಪಾಲಿನದನ್ನು ಕೊಟ್ಟಾಗಿತ್ತು. ಉಳಿದದ್ದು ಬಿತ್ತಲು ಇಟ್ಟ ಒಂದು ಚೀಲ. ಅದೂ ಹೋದರೆ ಹೊಲ ಬೀಳು. ಅಜ್ಜಿ ಅದರ ಮೇಲೆ ಹೊದೆಯುವ ಕೌದಿಗಳನ್ನು ಒಟ್ಟಿ, ಒರಗಿಕೊಂಡು ಕೂತಿದ್ದಳು. ಒಂದು ಸಂಜೆ ಊರ ತಳವಾರನನ್ನು ಕರೆದುಕೊಂಡು ಸರಕಾರಿ ಜವಾನ ಮತ್ತೆ ಬಂದ.

"ಜ್ವಾಳ ಅದಾವೇನು?"

"ಹೆಚ್ಚ್ಯಾವ್ರೀ" ಅಂದಳು ಅಜ್ಜಿ!

ಅವ್ವ ಹಣೆ ಚಚ್ಚಿಕೊಂಡಳು. ನಮ್ಮ ಮಾತು ಅರೆಬರೆ ಬಲ್ಲ ಜವಾನ 'ಹೆಚ್ಚು' ಅನ್ನುವುದಷ್ಟನ್ನೇ ಹಿಡಿದು, "ಬಹುತ್ ಅಚ್ಛಾ" ಎಂದು ಒಳಗೆ ನುಗ್ಗಿದ. ಜೋಳದ ಗುಮ್ಮಿಗೆ ಇಣುಕಿದರೆ ಬರಿದೋ ಬರಿದು. "ಮಜಾಕ್ ಮಾಡ್ತೀಯೇನು?" ಎಂದು ಸಿಡಿದ.

"ಅಜ್ಜೀ, ಇಲ್ಲ ಅನ್ನಬೇ!" ಎಂದು ನಾನು ಹಲ್ಲು ಕಡಿದೆ. ಮುದುಕಿ ಕೌದಿಗೆ ಇನ್ನಷ್ಟು ಒತ್ತಿ ಕೂತಳು. ಇಂಥವಳ ಜತೆ ಏಗುವುದಾದರೂ ಹೇಗೆ? ಅಷ್ಟರಲ್ಲಿ ಜವಾನನ ಕೋಲು ಕೌದಿಯ ಕಡೆ ತಿರುಗಿತು.

"ಬೀಜ ಇಟ್ಟೀಯೇನು?"

"ಇಲ್ಲ" ಅಂದಳು ಅಜ್ಜಿ.

ತಳವಾರ ಬೆರಗಾಗಿ ಅವಳ ಮುಖ ನೋಡಿದ. "ಸಾಹೇಬ್ರ, ಈ ಮುದುಕಿ ಬಾಯಾಗ ಆ ಮಾತು ನಾ ಹುಟ್ಟಿದಾಗಿಂದ ಕೇಳಿಲ್ರೀ. ಇಲ್ಲ ಅಂದ್ಳಂದ್ರ ಖರೇನ ಇಲ್ಲ. ನಡೀರಿ." ಕೋಲು ಕೆಳಗಿಳಿಯಿತು. ಇಬ್ಬರೂ ಹೊರಟುಹೋದರು.

ನನಗೆ ಸಂತೋಷ ತಡೆಯಲಾಗಲಿಲ್ಲ. "ಎಷ್ಟ್ ಚೊಲೋ ಇಲ್ಲ ಅಂದ್ಯಲ್ಲಬೇ!" ಎಂದು ತಬ್ಬಿಕೊಂಡೆ. ತೊಡೆಗೆ ಬಿತ್ತು ಚಿವುಟು.

"ದೀಪ ಹಚ್ಚೋ ಹೊತ್ತಿನ್ಯಾಗ ಆ ಮಾತು ಆಡ್ತಾರೇನು? ನನ್ನ ಬಾಯಿ ಹೊಲಸಾಗೈತಿ. ಹೋಗು, ಒಂದ್ ಚೂರು ಬೆಲ್ಲ ತಗೊಂಬಾ."

ಹೋಗಿ ನೋಡಿದೆ. ಬೆಲ್ಲದ ಗಡಿಗೆಯಲ್ಲಿ ಇರುವೆ ಮಾತ್ರ ಇದ್ದವು. ಬಾಗಿಲಿಗೆ ಬಂದು ನಿಂತೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಬೆಲ್ಲ ಹೆಚ್ಚೈತಬೇ" ಅಂದೆ.